ಸೇನೆಯ ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುವುದು ಹೇಗೆ: ತುಮಕೂರಿನಿಂದ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪ ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದಾಗ ಅವರ ಕೈಯಲ್ಲಿ ಒಂದು ಎಚ್‌ಎಂಟಿ ಜವಾನ್ ಇತ್ತು. ಬೆಳಿಗ್ಗೆ ಹಲ್ಲುಜ್ಜಿ ಬಂದ ಕೂಡಲೇ ಅದಕ್ಕೆ ಕೀ ಕೊಡುತ್ತಿದ್ದರು, ಆಮೇಲೆ ಕಾಫಿ. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಅದನ್ನು ನನಗೆ ಕೊಟ್ಟರು. ಗಡಿಯಾರ ನಿಂತುಹೋಗಿತ್ತು, ಡಯಲ್ ಹಳದಿಗೆ ತಿರುಗಿತ್ತು, ಹಿಂಬದಿ ಮುಚ್ಚಳದ ಮೇಲೆ ಅವರು ಮೊಳೆಯಿಂದ ಕೊರೆದುಕೊಂಡ ಸಂಖ್ಯೆಯೊಂದಿತ್ತು. ನಾನು ಪ್ರೀತಿಯಿಂದಲೇ ಅದನ್ನು ಒಂದು ಅಂಗಡಿಗೆ ಕೊಟ್ಟು "ಹೊಸದರ ಹಾಗೆ ಮಾಡಿಕೊಡಿ" ಎಂದೆ. ಹಾಗೆಯೇ ಮಾಡಿದರು. ಡಯಲ್‌ಗೆ ಬೆಳ್ಳಗೆ ಬಣ್ಣ ಬಳಿದಿದ್ದರು, ಅಕ್ಷರಗಳನ್ನು ಹೊಸದಾಗಿ ಅಚ್ಚು ಹಾಕಿದ್ದರು, ಮುಚ್ಚಳವನ್ನು ಕನ್ನಡಿಯಂತೆ ಉಜ್ಜಿದ್ದರು. ಆ ಸಂಖ್ಯೆ ಹೋಗಿಬಿಟ್ಟಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ಪ್ರೀತಿಯಲ್ಲಿ ಕೊಯ್ದರೂ ಬಾರದು.

ಸೇನೆಯ ಹಳೆಯ ಗಡಿಯಾರಗಳನ್ನು ಸಂಗ್ರಹಿಸಬೇಕೆಂದು ಹೊರಟವರು ಮೊದಲು ತಿಳಿಯಬೇಕಾದದ್ದು ಇಷ್ಟೇ: ಸರಿಪಡಿಸುವುದು ಬೇರೆ, ಹೊಸದು ಮಾಡುವುದು ಬೇರೆ. ಕೆಳಗೆ ಬರೆದಿರುವ ಹಂತಗಳೆಲ್ಲ ಆ ಗೆರೆಯನ್ನು ಗುರುತಿಸಲು ನಾನು ಕಲಿತ ದಾರಿ.

ಹಂತ 1: ಎರಡು ತಿಂಗಳು ಏನನ್ನೂ ಕೊಳ್ಳಬೇಡಿ

ಈ ಎರಡು ತಿಂಗಳಲ್ಲಿ ಕಣ್ಣನ್ನು ಪಳಗಿಸಿಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ ತೆಗೆದುಕೊಳ್ಳಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ. ಮನೆಯಲ್ಲಿರುವ ಯಾವುದೇ ಹಳೆಯ ಗಡಿಯಾರದ ಡಯಲ್ ಅನ್ನು ಅದರಲ್ಲಿ ನೋಡುತ್ತಾ ಹೋಗಿ. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರದ ಅಂಚು ಹೇಗಿರುತ್ತದೆ, ಐವತ್ತು ವರ್ಷದ ಬೆವರು ಮತ್ತು ಧೂಳು ಎಲ್ಲಿಂದ ಒಳಗೆ ನುಗ್ಗುತ್ತವೆ, ತುಕ್ಕು ಯಾವ ಮೂಲೆಯಲ್ಲಿ ಶುರುವಾಗುತ್ತದೆ ಎಂಬುದು ನೋಡಿ ನೋಡಿಯೇ ಬರಬೇಕು.

ಈ ವಿಷಯದಲ್ಲಿ ತುಮಕೂರಿನವರು ಅದೃಷ್ಟವಂತರು. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಎಪ್ಪತ್ತರ ದಶಕದ ಕೊನೆಗೆ ನಮ್ಮ ಊರಿಗೂ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಒಪ್ಪಿಗೆ ನೀಡಿತು, ಇಲ್ಲಿನ ಕಾರ್ಖಾನೆಯ ಜಮೀನು ಇಸ್ರೋಗೆ ಹೋಯಿತು. ಆದರೆ ಅಲ್ಲಿ ಕೆಲಸ ಮಾಡಿದ ಎಷ್ಟೋ ಕುಟುಂಬಗಳು ಇಲ್ಲೇ ಇವೆ. ಒಂದು ಭಾನುವಾರ ಅಂಥ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಿದರೆ ತಿಂಗಳ ಓದಿಗೆ ಸಮ. ಹಾಗೆಯೇ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಪರಂಪರೆ ಕೇಂದ್ರಕ್ಕೂ ಹೋಗಿ ಬನ್ನಿ. ಅಸಲಿ ಡಯಲ್‌ಗಳನ್ನು ಅಲ್ಲಿ ಸಾಲಾಗಿ ನೋಡಿದ ಮೇಲೆ ಮಾರುಕಟ್ಟೆಯಲ್ಲಿ ಕಾಣುವ ನಕಲಿಗಳು ತಾವಾಗಿಯೇ ಬೇರೆಯಾಗಿ ಕಾಣತೊಡಗುತ್ತವೆ.

ಹಂತ 2: ಒಂದು ಎಳೆ ಆರಿಸಿಕೊಳ್ಳಿ

ಸೇನಾ ಗಡಿಯಾರ ಎಂದರೆ ಒಂದು ಸಮುದ್ರ. ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ದಕ್ಕುವುದಿಲ್ಲ.

ನನ್ನ ಸಲಹೆ, ನಮ್ಮ ದೇಶದ್ದರಿಂದಲೇ ಶುರುಮಾಡಿ. ಎಚ್‌ಎಂಟಿ ಜವಾನ್ ಇದಕ್ಕೆ ಹೇಳಿ ಮಾಡಿಸಿದ ಗಡಿಯಾರ. ಕೀ ಕೊಡುವ, ಹದಿನೇಳು ಜ್ಯುವೆಲ್‌ಗಳ (ಒಳಗಿನ ಭಾಗಗಳು ಸವೆಯದಂತೆ ಇಡುವ ಪುಟ್ಟ ಹರಳುಗಳು) ಮಷಿನ್, ಹನ್ನೆರಡು ಗಂಟೆಗಳ ಅಂಕಿಗಳ ಜೊತೆಗೆ ಸೇನೆಯ ಲೆಕ್ಕದ 13ರಿಂದ 24ರವರೆಗಿನ ಅಂಕಿಗಳೂ ಇರುವ ಡಯಲ್. ಬಿಡಿಭಾಗ ಸಿಗುತ್ತದೆ, ರಿಪೇರಿ ಬಲ್ಲವರು ಊರಲ್ಲೇ ಇದ್ದಾರೆ, ತಪ್ಪು ಮಾಡಿದರೂ ಕೈ ಸುಡುವಷ್ಟು ಹಣ ಹೋಗುವುದಿಲ್ಲ. ಒಂದು ಎಚ್ಚರಿಕೆ: ಎಚ್‌ಎಂಟಿ ಪೈಲಟ್ ಎಂಬ ಕಪ್ಪು ಡಯಲ್‌ನ ಚೆಲುವಾದ ಗಡಿಯಾರವನ್ನು ಹಲವರು ವಾಯುಪಡೆಯದು ಎಂದು ಮಾರುತ್ತಾರೆ. ಅದು ಸಾಮಾನ್ಯ ಜನರಿಗಾಗಿ ಅಂಗಡಿಗಳಲ್ಲಿ ಮಾರಿದ ಮಾದರಿ. ಇಷ್ಟವಾದರೆ ಖಂಡಿತ ಕೊಳ್ಳಿ, ಆದರೆ ಸೇನೆಯ ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ.

ಅದಕ್ಕಿಂತ ಹಿಂದಕ್ಕೆ ಹೋಗಬೇಕೆಂದಿದ್ದರೆ ವೆಸ್ಟ್ ಎಂಡ್ ವಾಚ್ ಕಂಪನಿ ಇದೆ. ಸ್ವಿಸ್ ತಯಾರಿಕೆಯ, ಮುಂಬೈ ಮತ್ತು ಕೋಲ್ಕತ್ತಾ ಮಾರುಕಟ್ಟೆಗಳಲ್ಲಿ ಬೆಳೆದ ಹೆಸರು ಅದು. ಅವರ 'ಸೋವಾರ್' ಮಾದರಿಗೆ ಆ ಹೆಸರು ಬಂದದ್ದು ಅಶ್ವದಳದ ಸವಾರನಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಭಾರತದ ಸೈನಿಕರ ಕೈಗಳಲ್ಲಿ ಇದ್ದ ಗಡಿಯಾರಗಳು ಇವು. ಇವುಗಳ ಮೇಲೆ ನನಗೆ ಬಹಳ ಪ್ರೀತಿ ಇದೆ, ಆದರೆ ಹೊಸಬರಿಗೆ ಇವು ಅಪಾಯ. ಪೇಟೆಯಲ್ಲಿ ಸಿಗುವುದರಲ್ಲಿ ಹೆಚ್ಚಿನವಕ್ಕೆ ಮರುಬಣ್ಣವಾಗಿದೆ.

ಎರಡನೇ ಮಹಾಯುದ್ಧದ ಬ್ರಿಟಿಷ್ ಗಡಿಯಾರಗಳು ಸಂಗ್ರಾಹಕರ ಕಿರೀಟ ಇದ್ದ ಹಾಗೆ. ಬ್ರಿಟನ್ನಿನ ರಕ್ಷಣಾ ಇಲಾಖೆ ಕಪ್ಪು ಡಯಲ್, ಕತ್ತಲಲ್ಲಿ ಹೊಳೆಯುವ ಮುಳ್ಳು, ಆರರ ಮೇಲೆ ಪುಟ್ಟ ಸೆಕೆಂಡ್ ವೃತ್ತ, ಹದಿನೈದು ಜ್ಯುವೆಲ್ ಮಷಿನ್ ಎಂದು ನಿಯಮ ಮಾಡಿ ಹನ್ನೆರಡು ಸ್ವಿಸ್ ಕಂಪನಿಗಳಿಂದ ಗಡಿಯಾರ ಮಾಡಿಸಿತು; 1945ರಲ್ಲಿ ಅವು ಸೇನೆಯ ಕೈ ಸೇರಿದವು. ಬ್ಯೂರೆನ್, ಸೈಮಾ, ಎಟರ್ನಾ, ಗ್ರಾನಾ, ಐಡಬ್ಲ್ಯುಸಿ, ಜೇಗರ್ ಲಕೂಲ್ಟ್ರ್, ಲೆಮಾನಿಯಾ, ಲಾಂಜಿನ್ಸ್, ಒಮೆಗಾ, ರೆಕಾರ್ಡ್, ಟಿಮೋರ್, ವರ್ಟೆಕ್ಸ್. ಈ ಹನ್ನೆರಡನ್ನೂ ಕೂಡಿಸುವುದು ಹಲವರ ಜೀವಮಾನದ ಕನಸು, ಗ್ರಾನಾ ಸಿಗದೆ ಹನ್ನೊಂದಕ್ಕೇ ನಿಂತವರು ಬಹಳ. ಅಮೆರಿಕದ ಕಡೆ ಎಲ್ಜಿನ್, ವಾಲ್ಥಮ್, ಬುಲೋವಾ ಕಂಪನಿಗಳು ಮಾಡಿದ ಎ-11 ಇದೆ. ಅದರ ಕ್ರೌನ್, ಅಂದರೆ ಕೀ ಕೊಡುವ ಗುಂಡಿ, ಎಳೆದರೆ ಸೆಕೆಂಡ್ ಮುಳ್ಳು ನಿಂತುಬಿಡುತ್ತದೆ. ದಾಳಿಗೆ ಹೊರಡುವ ಮುನ್ನ ಎಲ್ಲರೂ ಒಂದೇ ಕ್ಷಣಕ್ಕೆ ಗಡಿಯಾರ ಹೊಂದಿಸಿಕೊಳ್ಳಲಿ ಎಂಬ ಲೆಕ್ಕ ಅದು.

ಬ್ರಿಟಿಷ್ ಗಡಿಯಾರವೇ ಬೇಕು, ಆದರೆ ಅಷ್ಟು ಹಣವಿಲ್ಲ ಎನ್ನುವವರು ಅರವತ್ತು, ಎಪ್ಪತ್ತರ ದಶಕದ ಡಬ್ಲ್ಯು10 ಮಾದರಿಗಳ ಕಡೆ ನೋಡಬಹುದು. ಇಂಗ್ಲೆಂಡಿನಲ್ಲೇ ತಯಾರಾದ ಸ್ಮಿತ್ಸ್, ಆಮೇಲೆ ಹ್ಯಾಮಿಲ್ಟನ್, ಅದರ ನಂತರ ಸಿಡಬ್ಲ್ಯುಸಿ ಎಂಬ ಕ್ರಮದಲ್ಲಿ ಇವು ಬಂದವು.

ಹಂತ 3: ಗುರುತುಗಳನ್ನು ಓದುವುದನ್ನು ಕಲಿಯಿರಿ

ನನಗೆ ಇಡೀ ಸಂಗ್ರಹದಲ್ಲಿ ಅತಿ ಹೆಚ್ಚು ಸಂತೋಷ ಕೊಡುವ ಭಾಗ ಇದು.

ಹಕ್ಕಿಯ ಪಾದದಂತೆ ಮೂರು ಗೆರೆ ಒಂದು ತುದಿಯಲ್ಲಿ ಕೂಡುವ ಗುರುತನ್ನು ಬ್ರಾಡ್ ಆರೋ ಎನ್ನುತ್ತಾರೆ. ಬ್ರಿಟಿಷ್ ಸರ್ಕಾರದ ಆಸ್ತಿ ಎಂಬುದಕ್ಕೆ ಮುದ್ರೆ ಅದು. ಹಿಂಬದಿಯಲ್ಲಿ ಮೂರು ಸಲ 'ಡಬ್ಲ್ಯು' ಇದ್ದರೆ ವಾಚ್, ರಿಸ್ಟ್, ವಾಟರ್‌ಪ್ರೂಫ್ ಎಂದು, ಮೇಲೆ ಹೇಳಿದ ಹನ್ನೆರಡರ ಗುಂಪು. 'ಎ.ಟಿ.ಪಿ.' ಇದ್ದರೆ ಅದಕ್ಕೂ ಮುಂಚಿನದು.

ನಂತರದ ಕಾಲದ ಬ್ರಿಟಿಷ್ ಗಡಿಯಾರಗಳ ಹಿಂಬದಿಯಲ್ಲಿ ಉದ್ದನೆಯ ಸಂಖ್ಯೆ ಇರುತ್ತದೆ. ಅದು ಒಂದು ವಿಳಾಸ. 'ಡಬ್ಲ್ಯು10' ಎಂದು ಶುರುವಾದರೆ ಭೂಸೇನೆ, '6ಬಿಬಿ' ಎಂದಿದ್ದರೆ ವಾಯುಪಡೆ, '0552' ಎಂದಿದ್ದರೆ ನೌಕಾಪಡೆ. ಮುಂದೆ ಬರುವ 6645 ಎಂಬುದು ಸಮಯ ಅಳೆಯುವ ಉಪಕರಣಗಳ ನ್ಯಾಟೋ ವರ್ಗ. ಅದರ ಪಕ್ಕದ 99 ಎಂದರೆ ಬ್ರಿಟನ್. ಕೊನೆಯಲ್ಲಿ ಗಡಿಯಾರದ ಸ್ವಂತ ಸಂಖ್ಯೆ ಮತ್ತು ವರ್ಷ. 'ನೌಕಾಪಡೆಯದು' ಎನ್ನುತ್ತಾ ಡಬ್ಲ್ಯು10 ಗಡಿಯಾರ ತೋರಿಸುವವನಿಂದ ದೂರವಿರಿ.

ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಕಿಲ್ಲ. ಬಾಣದ ಗುರುತು ಹಾಕುವುದು ಸುಲಭ. ಹಳೆಯ ಮುದ್ರೆಯ ಕುಳಿಯೊಳಗೆ ಕೊಳೆ ತುಂಬಿ ಗಟ್ಟಿಯಾಗಿರುತ್ತದೆ, ಅಂಚು ಸವೆದು ಮೃದುವಾಗಿರುತ್ತದೆ. ಸುತ್ತಲಿನ ಲೋಹ ಸವೆದಿದ್ದು ಮುದ್ರೆ ಮಾತ್ರ ಚೂಪಾಗಿ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ನಿನ್ನೆ ಮೊನ್ನೆಯ ಕೆಲಸ.

ಹಂತ 4: ಡಯಲ್ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳಿ

ಸಂಗ್ರಾಹಕನಿಗೆ ಬೆಲೆಯ ಬಹುಪಾಲು ಡಯಲ್‌ನಲ್ಲಿದೆ. ಮಷಿನ್ ಹಾಳಾಗಿದ್ದರೆ ಸರಿಮಾಡಬಹುದು, ಗಾಜು ಬದಲಿಸಬಹುದು, ಪಟ್ಟಿ ಹೊಸದು ಹಾಕಬಹುದು. ಮೂಲ ಡಯಲ್ ಒಮ್ಮೆ ಹೋದರೆ ಹೋಯಿತು.

ನಮ್ಮ ದೇಶದ ಪೇಟೆಗಳಲ್ಲಿ ಹಳೆಯ ಎಚ್‌ಎಂಟಿ ಅಥವಾ ವೆಸ್ಟ್ ಎಂಡ್ ಮಷಿನ್‌ಗೆ ಥಳಥಳಿಸುವ ಹೊಸ ಡಯಲ್ ಹಾಕಿ, ಮೇಲೆ ದೊಡ್ಡದಾಗಿ 'ಆರ್ಮಿ', 'ಮಿಲಿಟರಿ' ಎಂದು ಬರೆದು, ಕೆಂಪು ಪ್ಲಸ್ ಗುರುತೋ ಬಾಣವೋ ಇಟ್ಟು ಮಾರುವ ದಂಧೆ ಬಹಳ ಹಳೆಯದು. ಹೊರದೇಶಗಳ ಸಂಗ್ರಾಹಕರು ಇವಕ್ಕೆ 'ಮುಂಬೈ ಸ್ಪೆಷಲ್' ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಊರಲ್ಲಿ ಇಷ್ಟು ನಿಷ್ಠೆಯಿಂದ ತಯಾರಾದ ಗಡಿಯಾರ ಆ ಹೆಸರಿನಲ್ಲಿ ಓಡಾಡುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಡಯಲ್ ವಿಷಯದಲ್ಲಂತೂ ತೀರಾ ಬೆಳ್ಳಗಿರುವುದೇ ಅನುಮಾನಕ್ಕೆ ಕಾರಣ.

ಲೂಪ್ ಹಿಡಿದು ನೋಡಬೇಕಾದದ್ದು: ಅಕ್ಷರಗಳ ದಪ್ಪ ಒಂದೇ ಸಮನಾಗಿದೆಯೇ, ಸಾಲು ನೇರವಾಗಿದೆಯೇ, ನಿಮಿಷದ ಗೆರೆಗಳು ಅಂಕಿಗಳ ನಡುವೆ ಸರಿಯಾಗಿ ಬಿದ್ದಿವೆಯೇ, ಡಯಲ್‌ನ ಅಂಚಿನಲ್ಲಿ ಬಣ್ಣ ಉಕ್ಕಿ ನಿಂತಿದೆಯೇ. ಆಮೇಲೆ ಇಡೀ ಗಡಿಯಾರವನ್ನು ಒಟ್ಟಿಗೆ ನೋಡಿ. ಕೇಸ್‌ಗೆ ಐವತ್ತು ವರ್ಷ, ಡಯಲ್‌ಗೆ ಐದು ದಿನ ಎನ್ನುವಂತಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಹೊಳೆಯುವ ಬಣ್ಣವೂ ಸಾಕ್ಷಿ ಹೇಳುತ್ತದೆ. ಡಯಲ್ ಮೇಲೆ ಟಾರ್ಚ್ ಹಾಯಿಸಿ ಆರಿಸಿ. ಹಳೆಯ ಬಣ್ಣ ಹೊಳೆಯುವುದೇ ಇಲ್ಲ, ಇಲ್ಲವೇ ಮಿಂಚಿ ತಕ್ಷಣ ಆರುತ್ತದೆ. ಕತ್ತಲಲ್ಲಿ ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತಿದ್ದರೆ ಅದು ಈಚೆಗೆ ಬಳಿದದ್ದು. ಗಡಿಯಾರ ವರ್ಷಗಟ್ಟಲೆ ನಿಂತಿದ್ದ ಜಾಗದಲ್ಲಿ ಮುಳ್ಳಿನ ಆಕಾರದ ಕಂದು ಕಲೆ ಡಯಲ್ ಮೇಲೆ ಬಿದ್ದಿರುವುದೂ ಉಂಟು. ನೋಡಲು ಅಂದವಲ್ಲ, ಆದರೆ ಆ ಡಯಲ್ ಮತ್ತು ಆ ಮುಳ್ಳು ಬಹುಕಾಲ ಜೊತೆಗಿದ್ದವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇನ್ನೊಂದು ಮಾತು, ಬದಲಾದದ್ದೆಲ್ಲ ಮೋಸವಲ್ಲ. ಸೇನೆಯ ಕಾರ್ಯಾಗಾರಗಳಲ್ಲಿ ಗಡಿಯಾರ ಅಂದರೆ ಒಂದು ಸಲಕರಣೆ. ಒಂದರ ಮುಳ್ಳು ಇನ್ನೊಂದಕ್ಕೆ ಹೋಗುತ್ತಿತ್ತು. 1945ರ ಹನ್ನೆರಡರ ಗುಂಪಿನ ಹಲವು ಗಡಿಯಾರಗಳಿಗೆ ಬ್ರಿಟಿಷ್ ರಕ್ಷಣಾ ಇಲಾಖೆಯೇ ಆಮೇಲೆ ವಿಕಿರಣ ಸೂಸುವ ರೇಡಿಯಂ ಬಣ್ಣದ ಡಯಲ್ ತೆಗೆದು, ವೃತ್ತದೊಳಗೆ 'ಟಿ' ಎಂಬ ಗುರುತಿನ, ಅದಕ್ಕಿಂತ ಅಪಾಯ ಕಡಿಮೆಯ ಟ್ರಿಟಿಯಂ ಬಣ್ಣದ ಡಯಲ್ ಹಾಕಿಸಿತು. ಅಂಥ ಬದಲಾವಣೆ ಆ ಗಡಿಯಾರದ ಸೇವೆಯ ಭಾಗವೇ.

ಹಂತ 5: ರೇಡಿಯಂ ಬಗ್ಗೆ ತಿಳಿಯದೆ ಮುಚ್ಚಳ ತೆಗೆಯಬೇಡಿ

ಇದನ್ನು ಲಘುವಾಗಿ ತೆಗೆದುಕೊಂಡವರನ್ನು ಕಂಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತೇನೆ. 1960ರ ದಶಕದವರೆಗಿನ ಹೊಳೆಯುವ ಡಯಲ್‌ಗಳಲ್ಲಿ ಬಹಳಷ್ಟಕ್ಕೆ ರೇಡಿಯಂ ಬೆರೆತ ಬಣ್ಣ ಬಳಿದಿದ್ದರು. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಡಯಲ್ ಈಗ ಹೊಳೆಯುತ್ತಿಲ್ಲ ಎಂದರೆ ಜೊತೆಗಿದ್ದ, ಬೆಳಕು ಕೊಡುವ ಸತುವಿನ ಸಲ್ಫೈಡ್ ಸೋತುಹೋಗಿದೆ ಎಂದಷ್ಟೇ ಅರ್ಥ. ರೇಡಿಯಂ ಹಾಗೆಯೇ ಇದೆ. ನಂತರ ಬಂದ ಟ್ರಿಟಿಯಂನ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅದರ ಭಯ ಬಹಳ ಕಡಿಮೆ.

ಗಾಜು ಮತ್ತು ಮುಚ್ಚಳ ಭದ್ರವಾಗಿರುವ ಗಡಿಯಾರವನ್ನು ಆಗೊಮ್ಮೆ ಈಗೊಮ್ಮೆ ಕಟ್ಟಿಕೊಳ್ಳುವುದರಿಂದ ದೊಡ್ಡ ತೊಂದರೆಯಿಲ್ಲ. ಅಪಾಯ ಇರುವುದು ಉದುರಿದ ಪುಡಿಯಲ್ಲಿ, ಅದು ಉಸಿರಿನ ಮೂಲಕವೋ ಬಾಯಿಯ ಮೂಲಕವೋ ಒಳಗೆ ಹೋದಾಗ. ಆದ್ದರಿಂದ ಇಂಥ ಗಡಿಯಾರವನ್ನು ಮನೆಯಲ್ಲಿ ಬಿಚ್ಚಬೇಡಿ, ಡಯಲ್ ಕೆರೆಯಬೇಡಿ, ಊದಬೇಡಿ. ಗಾಳಿಯಾಡುವ ಕೋಣೆಯಲ್ಲಿ ಇಡಿ. ಮಲಗುವ ಕೋಣೆಯಲ್ಲಿ ಬೇಡ, ಮಕ್ಕಳ ಕೈಗೆ ಸಿಗುವಂತೆ ಬೇಡವೇ ಬೇಡ. ರಿಪೇರಿಗೆ ಕೊಡುವಾಗ "ಇದರಲ್ಲಿ ರೇಡಿಯಂ ಇರಬಹುದು" ಎಂದು ಬಾಯಿಬಿಟ್ಟು ಹೇಳಿ. ಆ ಮೇಜಿನ ಮುಂದೆ ದಿನವಿಡೀ ಬಗ್ಗಿ ಕುಳಿತುಕೊಳ್ಳುವವರು ಅವರು.

ಹಂತ 6: ಕೈಗೆ ತೆಗೆದುಕೊಂಡಾಗ

ಕ್ರೌನ್ ತಿರುಗಿಸಿ. ಸ್ಪ್ರಿಂಗ್ ನಯವಾಗಿ ಬಿಗಿಯಾಗುತ್ತಾ ಬಂದು ಒಂದು ಕಡೆ ನಿಲ್ಲಬೇಕು. ಎಷ್ಟು ತಿರುಗಿಸಿದರೂ ನಿಲ್ಲದಿದ್ದರೆ ಸ್ಪ್ರಿಂಗ್ ತುಂಡಾಗಿದೆ. ಕ್ರೌನ್ ಎಳೆದು ಮುಳ್ಳು ಸುತ್ತಿಸಿ, ಒಂದಕ್ಕೊಂದು ತಾಗಬಾರದು. ಕಿವಿಗೆ ಹಿಡಿಯಿರಿ. ಎಚ್‌ಎಂಟಿಯ 0231 ಮಷಿನ್ ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ಗಂಟೆಗೆ 18,000. ಆ ಬಡಿತ ಮಲಗಿಸಿದಾಗಲೂ ನಿಲ್ಲಿಸಿದಾಗಲೂ ಒಂದೇ ಲಯದಲ್ಲಿರಬೇಕು. ಕುಂಟುವ ಸದ್ದು ಬಂದರೆ ಬ್ಯಾಲೆನ್ಸ್‌ನ, ಅಂದರೆ ಅತ್ತಿತ್ತ ತೂಗಿ ಲಯ ಕೊಡುವ ಚಕ್ರದ, ಕಡೆ ಕೆಲಸವಿದೆ.

ಮುಚ್ಚಳ ತೆರೆದು ತೋರಿಸಲು ಕೇಳಿ (ರೇಡಿಯಂ ಗಡಿಯಾರವಾದರೆ ಇದು ರಿಪೇರಿಯವರ ಮೇಜಿನ ಮೇಲೆಯೇ ಆಗಲಿ). ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ. ಒಳಗೆ ನೋಡಬೇಕಾದದ್ದು ಮಷಿನ್ ಮೇಲಿನ ಹೆಸರು ಡಯಲ್ ಮೇಲಿನ ಹೆಸರಿಗೆ ಹೊಂದುತ್ತದೆಯೇ, ತುಕ್ಕಿದೆಯೇ, ತಿರುಪುಗಳ ತಲೆ ಕಿತ್ತುಹೋಗಿದೆಯೇ. ತಿರುಪಿನ ತಲೆ ನೋಡಿದರೆ ಆ ಗಡಿಯಾರ ಎಂಥವರ ಕೈಯಲ್ಲಿ ಹಾದು ಬಂದಿದೆ ಎಂದು ತಿಳಿಯುತ್ತದೆ.

ಹಂತ 7: ಎಲ್ಲಿ ಹುಡುಕಬೇಕು

ನನಗೆ ಒಳ್ಳೆಯವು ಸಿಕ್ಕಿದ್ದು ಅಂಗಡಿಗಿಂತ ಹೆಚ್ಚಾಗಿ ಮನೆಗಳಲ್ಲಿ. ನಿವೃತ್ತ ಸೈನಿಕರ ಮನೆಗಳು, ಹಳೆಯ ಎಚ್‌ಎಂಟಿ ನೌಕರರ ಮನೆಗಳು. ಅಲ್ಲಿ ಚೌಕಾಸಿ ಮಾಡಬೇಡಿ. ಆ ಗಡಿಯಾರಕ್ಕೆ ಪೇಟೆಯಲ್ಲಿ ಎಷ್ಟು ಬೆಲೆಯಿದೆ ಎಂದು ನೀವೇ ಹೇಳಿ, ಅದನ್ನು ಕೊಡಿ. "ಮೊಮ್ಮಗನಿಗೆ ಇರಲಿ, ಅಜ್ಜಿ" ಎಂದು ವಾಪಸು ಕೊಟ್ಟು ಬಂದ ಗಡಿಯಾರವೂ ನನ್ನ ಲೆಕ್ಕದಲ್ಲಿದೆ. ಅದೇ ಅಜ್ಜಿ ಮುಂದೆ ಇನ್ನಿಬ್ಬರ ಮನೆಗೆ ದಾರಿ ತೋರಿಸಿದರು. ಮಂಡಿಪೇಟೆ, ಬಿ.ಎಚ್. ರಸ್ತೆಯ ಕಡೆ ಹಳೆಯ ರಿಪೇರಿ ಅಂಗಡಿಗಳಲ್ಲಿ ಗಿರಾಕಿಗಳು ಬಿಟ್ಟುಹೋದ ಡಬ್ಬಿಗಳಿರುತ್ತವೆ, ಕೇಳಿ ನೋಡಿ. ಬೆಂಗಳೂರಿನ ಭಾನುವಾರದ ಚಿಕ್ಕಪೇಟೆ ಬಜಾರಿಗೆ ಕಣ್ಣು ಪಳಗಿದ ಮೇಲೆಯೇ ಹೋಗಿ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಡಯಲ್, ಹಿಂಬದಿ, ಮುಚ್ಚಳದ ಒಳಭಾಗ, ಮಷಿನ್, ಈ ನಾಲ್ಕು ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆಸಿ ತರಿಸಿಕೊಳ್ಳಿ. ಹೊರದೇಶದಿಂದ ತರಿಸಿದರೆ ಸುಂಕ, ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. ನಮ್ಮಿಂದ ಹೊರಗೆ ಕಳಿಸುವಾಗ ಇನ್ನೂ ಎಚ್ಚರ ಬೇಕು: 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ, ಚಾರಿತ್ರಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಗಡಿಯಾರಗಳಿಗೆ ಆ ವಯಸ್ಸು ಆಗಿದೆ.

ಹಂತ 8: ರಿಪೇರಿಯವರಿಗೆ ಏನು ಹೇಳಬೇಕು

ದೊಡ್ಡಪ್ಪನ ಗಡಿಯಾರದ ವಿಷಯದಲ್ಲಿ ನಾನು ಎಡವಿದ್ದು ಇಲ್ಲಿ. ಆಮೇಲೆ ನನಗೆ ಸಿಕ್ಕಿದ ಹಿರಿಯರೊಬ್ಬರು, ಎಚ್‌ಎಂಟಿಯಲ್ಲಿ ಜೋಡಣೆಯ ವಿಭಾಗದಲ್ಲಿದ್ದವರು, ಗಡಿಯಾರ ಕೈಗೆ ಕೊಟ್ಟ ಕೂಡಲೇ ಕೇಳಿದರು: "ಓಡಬೇಕೋ, ಹೊಳೆಯಬೇಕೋ, ಸ್ವಾಮಿ?" ನೀವು ಕೊಡಬೇಕಾದ ಉತ್ತರ, ಓಡಬೇಕು.

ಚೀಟಿಯಲ್ಲಿ ಬರೆದೇ ಕೊಡಿ. ಮಷಿನ್ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು. ಬಿಚ್ಚದೆ ಪೆಟ್ರೋಲಿನಲ್ಲಿ ಅದ್ದಿ ತೆಗೆಯುವುದು ಬೇಡ. ಸ್ಪ್ರಿಂಗ್ ಸೋತಿದ್ದರೆ ಬದಲಿಸಬಹುದು. ಗಾಜು ಪ್ಲಾಸ್ಟಿಕ್ಕಿನದಾಗಿದ್ದು ಗೀರಷ್ಟೇ ಬಿದ್ದಿದ್ದರೆ ಉಜ್ಜಿ ತಿಳಿಮಾಡಬಹುದು, ಸೀಳಿದ್ದರೆ ಬದಲಿಸಬೇಕು. ಡಯಲ್ ಮುಟ್ಟಬಾರದು. ಮುಳ್ಳಿಗೆ ಬಣ್ಣ ಬೇಡ. ಕೇಸ್ ಪಾಲಿಶ್ ಬೇಡ. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಅಂಚುಗಳು ಕರಗುತ್ತವೆ, ಮುದ್ರೆಗಳು ಅಳಿಸುತ್ತವೆ, ಕ್ರೋಮ್ ಲೇಪದ ಕೇಸ್ ಆದರೆ ಹಿತ್ತಾಳೆ ಕಾಣುತ್ತದೆ. ತೆಗೆದ ಪ್ರತಿಯೊಂದು ಭಾಗವೂ ಪೊಟ್ಟಣದಲ್ಲಿ ವಾಪಸು ಬರಬೇಕು, ಮುರಿದ ಸ್ಪ್ರಿಂಗ್ ಸಹಿತ.

ಇಷ್ಟು ಕೆಲಸಕ್ಕೆ ಅವರು ಕೇಳುವ ಕೂಲಿ ಗಡಿಯಾರದ ಬೆಲೆಗಿಂತ ಹೆಚ್ಚಾಗಬಹುದು. ಕೊಡಿ. ಈ ವಿದ್ಯೆ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಅವರ ಮೇಜಿನ ಮುಂದೆ ಕುಳಿತು ಕಲಿಯುವ ಹುಡುಗರು ಬೇಕಾಗಿದ್ದಾರೆ.

ಹಂತ 9: ಮನೆಗೆ ಬಂದ ಮೇಲೆ

ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿಯಾದಲ್ಲಿಗೆ ನಿಲ್ಲಿಸಿ. ಹಿಂಬದಿಯಲ್ಲಿ ವಾಟರ್‌ಪ್ರೂಫ್ ಎಂದು ಬರೆದಿದ್ದರೂ ನೀರು ತಾಗಿಸಬೇಡಿ. ಆ ಮಾತು ಹೊಸದಾಗಿದ್ದಾಗ ನಿಜವಾಗಿತ್ತು. ಮೊಬೈಲ್ ಮತ್ತು ಸ್ಪೀಕರ್‌ಗಳಿಂದ ದೂರವಿಡಿ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಒಂದು ದಿಕ್ಸೂಚಿಯ ಮೇಲೆ ಹಿಡಿಯಿರಿ. ಸೂಜಿ ನಡುಗಿದರೆ ಗಡಿಯಾರಕ್ಕೆ ಅಯಸ್ಕಾಂತ ತಾಗಿದೆ, ರಿಪೇರಿಯವರು ಎರಡು ನಿಮಿಷದಲ್ಲಿ ತೆಗೆಯುತ್ತಾರೆ. ಕಟ್ಟಿಕೊಳ್ಳದ ಗಡಿಯಾರಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ.

ಹಂತ 10: ಪುಸ್ತಕ ಬರೆಯಿರಿ

ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಒಂದು ಗಡಿಯಾರಕ್ಕೆ ಎರಡು ಪುಟ. ಯಾರಿಂದ ಬಂತು, ಯಾವಾಗ, ಎಷ್ಟು ಕೊಟ್ಟೆ, ಅವರು ಅದರ ಬಗ್ಗೆ ಹೇಳಿದ್ದೇನು. ಹಿಂಬದಿಯ ಪ್ರತಿಯೊಂದು ಅಕ್ಷರ, ಕೈಯಿಂದ ಕೊರೆದ ಗೀಚು ಸಹಿತ. ಯಾವುದು ಮೂಲ, ಯಾವುದು ಬದಲಾದದ್ದು, ಬದಲಾಯಿಸಿದವರು ಯಾರು. ಮುಂದೆ ಮಾರುವುದಾದರೆ ಈ ಪುಟಗಳ ಪ್ರತಿ ಗಡಿಯಾರದ ಜೊತೆಗೇ ಹೋಗಬೇಕು, ಮರುಬಣ್ಣದ ವಿಷಯವನ್ನೂ ಮುಚ್ಚಿಡದೆ.

ನನ್ನ ಪುಸ್ತಕದ ಮೊದಲ ಪುಟ ದೊಡ್ಡಪ್ಪನ ಜವಾನ್‌ದು. "ಮಷಿನ್: ಮೂಲ. ಸ್ಪ್ರಿಂಗ್: ಬದಲಿಸಿದ್ದು. ಡಯಲ್: ನಾನು ಮಾಡಿಸಿದ ಮರುಬಣ್ಣ. ಮುಚ್ಚಳ: ಉಜ್ಜಿಸಿದ್ದು, ಕೊರೆದ ಸಂಖ್ಯೆ ಅಳಿಸಿದೆ." ಅದರ ಕೆಳಗೆ, ದೊಡ್ಡಮ್ಮನ ಹತ್ತಿರವಿದ್ದ ಪಿಂಚಣಿ ಕಾಗದದಿಂದ ಅವರ ಸೇನಾ ಸಂಖ್ಯೆಯನ್ನು ನಕಲು ಮಾಡಿ ಬರೆದಿಟ್ಟಿದ್ದೇನೆ. ಮುಚ್ಚಳದ ಮೇಲೆ ಇದ್ದದ್ದು ಅದೇ ಎಂದು ದೊಡ್ಡಮ್ಮ ಹೇಳಿದರು.